ನಾಲ್ಕು ಪಟ್ಟಿಗಳ ಬಾವುಟ

ವಿಮಾನಪುರದ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಗೂ ದೂರದ ಮಾರಿಷಸ್ ದ್ವೀಪಕ್ಕೂ ಏನು ನಂಟು ಎಂದು ಶ್ರೋತೃಗಳು ಕೇಳಬಹುದು. ಇಲ್ಲಿಯ 'ಧ್ರುವ' ಹೆಲಿಕಾಪ್ಟರು ಆ ದೇಶದ ಪೊಲೀಸು ಪಡೆಯ ಸೇವೆಗೆ ಸಂದಿದೆ. ಮತ್ತೊಂದನ್ನು ಒದಗಿಸುವ ಒಪ್ಪಂದಕ್ಕೆ 2022ರ ಜನವರಿಯಲ್ಲಿ ಸಹಿ ಬಿದ್ದಿತು. ನಮ್ಮ ಊರಿನ ಕುಶಲ ಕೈಗಳ ಕೆಲಸವನ್ನು ನಚ್ಚಿದ ಆ ನಾಡಿನ ಬಾವುಟ ಎಂಥದು, ಅದರ ಅರ್ಥವೇನು ಎಂಬುದನ್ನು ಅರಿಯುವುದು ಉಚಿತವಷ್ಟೆ.

ಕೆಂಪು, ನೀಲಿ, ಹಳದಿ, ಹಸಿರು—ಮೇಲಿನಿಂದ ಕೆಳಕ್ಕೆ ಸಮನಾದ ನಾಲ್ಕು ಅಡ್ಡಪಟ್ಟಿಗಳು. ಇಷ್ಟೇ ಆ ಬಾವುಟ. ಚಕ್ರವಿಲ್ಲ, ನಕ್ಷತ್ರವಿಲ್ಲ. ಆ ದ್ವೀಪದಲ್ಲಿ ಮಾತ್ರ ಬದುಕಿದ್ದು ಅಳಿದುಹೋದ ಡೋಡೋ ಹಕ್ಕಿಗೆ ರಾಜ್ಯಲಾಂಛನದಲ್ಲಿ ಸ್ಥಾನವುಂಟು, ಬಾವುಟದಲ್ಲಿಲ್ಲ. ಕೆಂಪು ಹೋರಾಟದ ಸಂಕೇತ, ನೀಲಿ ಸುತ್ತಣ ಕಡಲಿನದು, ಹಳದಿ ಸ್ವಾತಂತ್ರ್ಯದ ಬೆಳಕಿನದು, ಹಸಿರು ವರ್ಷವಿಡೀ ಬಾಡದ ಬೆಳೆಯದು. ಆ ಬೆಳೆಯಲ್ಲಿ ಮುಖ್ಯವಾದುದು ಕಬ್ಬು. ಆಫ್ರಿಕದಿಂದ ತಂದ ಗುಲಾಮರ ಕಣ್ಣೀರು, ಅವರ ತರುವಾಯ 1834ರಿಂದ ಕರಾರು ಕೂಲಿಗಳಾಗಿ ಹಡಗೇರಿದ ನಾಲ್ಕು ಲಕ್ಷಕ್ಕೂ ಮಿಕ್ಕ ಭಾರತೀಯರ ಬೆವರು ಆ ಕಬ್ಬಿನ ತೋಟಗಳಲ್ಲಿ ಇಂಗಿವೆ.

ಬಾವುಟದ ರಚನಕಾರರೆಂದು ಮನ್ನಣೆ ಪಡೆದವರು ಗುರುದತ್ತ ಮೊಹೆರ್ ಎಂಬ ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ಸರ್ಕಾರದ ಆ ಮನ್ನಣೆ ಬಂದದ್ದು 2018ರಲ್ಲಿ; ಅಷ್ಟರಲ್ಲಿ ಅವರು ತೀರಿಕೊಂಡಿದ್ದರು.

1968ರ ಮಾರ್ಚ್ 12ರಂದು ಪೋರ್ಟ್ ಲೂಯಿಯ ಶಾಂ ದ ಮಾರ್ ಮೈದಾನದಲ್ಲಿ ಬ್ರಿಟಿಷ್ ಧ್ವಜ ಇಳಿದು ಈ ಬಾವುಟ ಮೇಲೇರಿತು. 1930ರಲ್ಲಿ ಗಾಂಧೀಜಿ ದಂಡಿಯತ್ತ ಹೆಜ್ಜೆಯಿಟ್ಟದ್ದೂ ಮಾರ್ಚ್ 12ರಂದೇ. 1992ರಲ್ಲಿ ಮಾರಿಷಸ್ ಗಣರಾಜ್ಯವಾದದ್ದೂ ಅದೇ ತಾರೀಖಿನಂದು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸ್ವಾತಂತ್ರ್ಯಕ್ಕೆ ಮೊದಲೇ, 1965ರಲ್ಲಿ, ಬ್ರಿಟನ್ ಷಾಗೋಸ್ ದ್ವೀಪಗಳನ್ನು ಮಾರಿಷಸ್ಸಿನಿಂದ ಬೇರ್ಪಡಿಸಿತ್ತು. ಡಿಯೆಗೊ ಗಾರ್ಸಿಯದಲ್ಲಿ ಅಮೆರಿಕದ ಸೇನಾನೆಲೆಗೆಂದು ಅಲ್ಲಿಯ ಜನರನ್ನು 1973ರ ಹೊತ್ತಿಗೆ ಒಕ್ಕಲೆಬ್ಬಿಸಲಾಯಿತು. ಈ ಬೇರ್ಪಡಿಕೆ ನ್ಯಾಯಸಮ್ಮತವಲ್ಲವೆಂದು ಅಂತರರಾಷ್ಟ್ರೀಯ ನ್ಯಾಯಾಲಯ 2019ರಲ್ಲಿ ಅಭಿಪ್ರಾಯವಿತ್ತಿತು. 2022ರ ಫೆಬ್ರವರಿಯಲ್ಲಿ ಹಡಗೊಂದು ಆ ದ್ವೀಪಗಳಿಗೆ ಹೋಗಿ, ಪೆರೋಸ್ ಬಾನ್ಯೋಸ್ ಎಂಬಲ್ಲಿ ನಾಲ್ಕು ಪಟ್ಟಿಗಳ ಬಾವುಟವನ್ನು ನೆಟ್ಟಿತು. ಆ ಹಡಗಿನಲ್ಲಿ ಹುಟ್ಟಿದ ನೆಲವನ್ನು ಬಾಲ್ಯದಲ್ಲೇ ಕಳೆದುಕೊಂಡವರೂ ಇದ್ದರು. ಬಾವುಟ ಏರಿತು, ಅವರು ಮಾತ್ರ ಹಡಗಿನಲ್ಲಿ ಮರಳಬೇಕಾಯಿತು.

ನಾಡಹಬ್ಬಗಳಲ್ಲಿ ನಾವೂ ಬಾವುಟವೇರಿಸಿ ವಂದಿಸುತ್ತೇವೆ. ಕಾಲ ಕೆಳಗೆ ನಮ್ಮದೆನ್ನುವ ನೆಲವಿದೆ ಎಂಬುದು ಆಗ ನೆನಪಿಗೇ ಬರುವುದಿಲ್ಲ. ಅದು ಎಷ್ಟು ದೊಡ್ಡ ಭಾಗ್ಯವೆಂಬುದನ್ನು ಷಾಗೋಸಿನ ಮುದುಕರು ಬಲ್ಲರು.

(ಬಾನುಲಿ ಭಾಷಣ)