ಕಡಲು ದಾಟುವ ತೆಂಗು



ಬುಕ್ಕಾಂಬುಧಿಯ ಆಸುಪಾಸಿನ ತೆಂಗಿನ ತೋಟದಲ್ಲಿ ಎಳಗಾಯೊಂದನ್ನು ಕಿತ್ತು, ತೊಟ್ಟಿನ ಬುಡದ ತೊಪ್ಪಿಗೆಯನ್ನು ಬಿಡಿಸಿ ನೋಡಿದರೆ, ಮೊದಲು ಬಿಳಿಚಿಕೊಂಡು ಬಳಿಕ ಕಂದುಬಣ್ಣಕ್ಕೆ ತಿರುಗುವ ತ್ರಿಕೋಣಾಕೃತಿಯ ಮಚ್ಚೆಯೊಂದು ಅಲ್ಲಿ ಕಾಣುವುದುಂಟು. ಅದು ನುಸಿಯ ಕೃತ್ಯ. ಮೆಕ್ಸಿಕೋ ದೇಶದ ಗೆರೆರೊ ಪ್ರಾಂತ್ಯದ ತೆಂಗಿನಲ್ಲಿ ಗುರುತಿಸಲ್ಪಟ್ಟ, ಬರಿಗಣ್ಣಿಗೆ ಗೋಚರಿಸದ ಈ ಕ್ಷುದ್ರಜೀವಿಯು 1998ರಲ್ಲಿ ಕೇರಳದಲ್ಲಿ ಪ್ರಕಟವಾಗಿ, ಘಟ್ಟವನ್ನೇರಿ, ನಮ್ಮ ತೋಟಗಾರರ ಆದಾಯವನ್ನು ಹೀರತೊಡಗಿತು.

ಇಂಥ ಪೀಡೆಗಳನ್ನು ಬಂದರಿನಲ್ಲಿಯೇ ತಡೆಯಬೇಕೆಂಬ ಚಿಂತನೆ ಹಳೆಯದು. 1869ರಲ್ಲಿ ಸಿಂಹಳದಲ್ಲಿ ತಲೆದೋರಿದ ಎಲೆತುಕ್ಕು ಅಲ್ಲಿಯ ಕಾಫಿತೋಟಗಳನ್ನೇ ಅಳಿಸಿತು. ಬಾಬಾಬುಡನ್ ಗಿರಿಯ ಜಿಲ್ಲೆಯವರಾದ ನಮಗೂ ಅದರ ಉಪಟಳ ತಪ್ಪಲಿಲ್ಲ. ಭಾರತದಲ್ಲಿ 1914ರಲ್ಲಿ ವಿನಾಶಕಾರಿ ಕೀಟಪೀಡೆಗಳ ಕಾಯಿದೆ ಜಾರಿಗೆ ಬಂದಿತು. 1951ರಲ್ಲಿ ರೋಮಿನಲ್ಲಿ ರಾಷ್ಟ್ರಗಳು ಸಸ್ಯಸಂರಕ್ಷಣೆಯ ಒಡಂಬಡಿಕೆಗೆ ಸಮ್ಮತಿಸಿದವು.

ಆದರೆ ಬಾಗಿಲನ್ನು ಪೂರ್ತಿ ಮುಚ್ಚುವಂತೆಯೂ ಇಲ್ಲ, ಏಕೆಂದರೆ ರೋಗವನ್ನು ತಾಳಿಕೊಳ್ಳಬಲ್ಲ ತಳಿಗಳು ಹೊರನಾಡಿನಿಂದಲೇ ಬರಬೇಕಾದೀತು. ತೆಂಗಿನ ಬೀಜವೋ ಇಡಿಯ ಕಾಯಿ. ಭಾರವಾದುದು, ಸುಪ್ತಾವಸ್ಥೆಯನ್ನರಿಯದೆ ಹಡಗಿನಲ್ಲಿಯೇ ಮೊಳೆಯತಕ್ಕದ್ದು, ಸಿಪ್ಪೆಯೊಳಗೆ ಕೀಟಗಳಿಗೆ ಆಶ್ರಯವೀಯುವಂಥದು. 1916ರಲ್ಲಿ ತೆಂಗಿನ ಸಂಶೋಧನೆ ಆರಂಭವಾದ ಕಾಸರಗೋಡಿನ ವಿಜ್ಞಾನಿಗಳು, ಪೆಸಿಫಿಕ್ ದ್ವೀಪಗಳ ತಳಿಗಳನ್ನು ನೇರವಾಗಿ ಒಳನಾಡಿಗೆ ಬಿಟ್ಟುಕೊಳ್ಳದೆ, ಸಮುದ್ರವೇ ಕಾವಲಾಗಿರುವ ಅಂಡಮಾನಿನ ಸಿಪಿಘಾಟಿನಲ್ಲಿ ಬೆಳೆಸಿ ಪರೀಕ್ಷಿಸಿದುದು ಬಹು ವಿವೇಕದ ನಡೆಯೆಂದು ನಾನು ಭಾವಿಸುತ್ತೇನೆ.

ಇಡಿಯ ಕಾಯಿಯನ್ನು ಸಾಗಿಸುವ ತೊಡಕಿಗೆ ಅಂಗಾಂಶ ಕೃಷಿಯ ಉಪಕಾರ ದೊರೆಯಿತು. ಬಲಿತ ಕಾಯಿಯ ಮೆತ್ತನೆಯ ಕಣ್ಣಿನಡಿಯ ತಿರುಳಿನಲ್ಲಿ ಕಡಲೆಬೀಜಕ್ಕಿಂತ ಚಿಕ್ಕದಾದ ಭ್ರೂಣ ಹುದುಗಿರುತ್ತದೆ. ಅದನ್ನು ತಿರುಳಿನ ಬಿಲ್ಲೆಯೊಡನೆ ಕೊರೆದು ತೆಗೆದು, ಕ್ಲೋರಿನ್ ದ್ರವದಲ್ಲಿ ಶುದ್ಧಗೊಳಿಸಿ, ತಿರುಳಿನಿಂದ ಬೇರ್ಪಡಿಸಿ, ಸಕ್ಕರೆ ಲವಣಗಳ ಪೋಷಕದ್ರವ್ಯವುಳ್ಳ ಗಾಜಿನ ನಳಿಕೆಯಲ್ಲಿರಿಸಿದರೆ, ಮೂಟೆಗಟ್ಟಲೆ ಕಾಯಿ ಹೊರುವ ಶ್ರಮವಿಲ್ಲದೆ ತೋಪಿಗೆ ತೋಪೇ ಕೈಪೆಟ್ಟಿಗೆಯಲ್ಲಿ ಪಯಣಿಸಬಲ್ಲುದು. ಹೀಗೆ ದ್ವೀಪಗಳಿಂದ ಬಂದ ತಳಿಗಳು ದಕ್ಷಿಣ ಕನ್ನಡದ ಕಿದುವಿನಲ್ಲಿ ನೆಲೆಗೊಂಡಿವೆ.

ಆದರೂ ನಳಿಕೆಯೊಳಗಿನ ನೈರ್ಮಲ್ಯವನ್ನು ನೀರೋಗತೆಯೆಂದು ಭ್ರಮಿಸಲಾಗದು. ಫಿಲಿಪ್ಪೀನ್ಸಿನಲ್ಲಿ ಕೋಟ್ಯಂತರ ಮರಗಳನ್ನು ಬಲಿಗೊಂಡ ಕಡಾಂಗ್-ಕಡಾಂಗ್ ವ್ಯಾಧಿಗೆ ಕಾರಣವಾದ ವೈರಾಯ್ಡ್ ಎಂಬ ಅತಿಸೂಕ್ಷ್ಮ ರೋಗಕಾರಕ ಭ್ರೂಣದೊಳಗೂ ಇರಬಲ್ಲುದು. ಕ್ಲೋರಿನ್ ಅದನ್ನು ಮುಟ್ಟದು. ಆದುದರಿಂದ ನಳಿಕೆಯಲ್ಲಿ ಬಂದ ಸಸಿಯನ್ನೂ ಪ್ರಯೋಗಾಲಯದಲ್ಲಿ ಶೋಧಿಸಬೇಕು, ಪ್ರತ್ಯೇಕವಾಗಿ ಬೆಳೆಸಿ ಕಾಯಬೇಕು. ಈ ವಿಳಂಬವನ್ನು ಕಂಡು ತೋಟಗಾರರು ಬೇಸರಿಸದಿರಲಿ. ಒಮ್ಮೆ ನೆಟ್ಟ ತೆಂಗಿನೊಡನೆ ಮಕ್ಕಳು ಮೊಮ್ಮಕ್ಕಳೂ ಬಾಳಬೇಕಾಗಿದೆ.