ಮೇಜಿನ ಕಂಪ್ಯೂಟರಿಗೆ ವೈಫೈ ಅಡಾಪ್ಟರನ್ನು ಆರಿಸುವ ಬಗೆ

(ಗ್ರಾಮ ಪಂಚಾಯತಿ ಗ್ರಂಥಾಲಯಗಳ ಮೇಲ್ವಿಚಾರಕರ ಮುಂದೆ ಮಾಡಿದ ಭಾಷಣ)



ಪಹಣಿ, ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷಾ ಶುಲ್ಕ, ಬೆಳೆ ವಿಮೆ ಇವೆಲ್ಲವೂ ಈಗ ಕಂಪ್ಯೂಟರಿನ ಮೂಲಕ ನಡೆಯತಕ್ಕ ಕೆಲಸಗಳಾಗಿವೆ. ಪಂಚಾಯತಿ ಕಚೇರಿಯವರೆಗೆ ಇಂಟರ್ನೆಟ್ ಬಂದಿದ್ದರೂ ಗ್ರಂಥಾಲಯದ ಕಂಪ್ಯೂಟರಿಗೆ ಅದು ಮುಟ್ಟದೆ, ಅರ್ಜಿಯ ಕಡೆಯ ದಿನ ಮಕ್ಕಳು ತಾಲ್ಲೂಕು ಕೇಂದ್ರಕ್ಕೆ ಬಸ್ಸು ಹಿಡಿದು ಓಡುವುದನ್ನು ತಾವು ಕಂಡಿದ್ದೀರಿ. ಬೆರಳುದ್ದದ ಒಂದು ಸಾಧನದಿಂದ ಈ ತೊಂದರೆ ನೀಗಬಹುದು. ಆದರೆ ಅಂಗಡಿಯವನು ಕೊಟ್ಟದ್ದನ್ನು ತಂದರೆ ಪಂಚಾಯತಿಯ ಹಣವೂ ಹೋದೀತು, ಕೆಲಸವೂ ಕೆಟ್ಟೀತು.

ಮೊದಲು ಒಂದು ಮಾತು. ರೂಟರ್ ಅದೇ ಕಟ್ಟಡದಲ್ಲಿದ್ದು ತಂತಿ ಎಳೆಯಲು ದಾರಿಯಿದ್ದರೆ ಅಡಾಪ್ಟರನ್ನು ಕೊಳ್ಳಲೇಬೇಡಿ. ಈಥರ್ನೆಟ್ ಕೇಬಲನ್ನೇ ಎಳೆಸಿರಿ. ಅದು 100 ಮೀಟರಿನವರೆಗೆ ನಂಬಿಕೆಯಿಂದ ದುಡಿಯುತ್ತದೆ. ಮೇಜಿನ ಕಂಪ್ಯೂಟರ್ ಇಟ್ಟಲ್ಲೇ ಇರುವ ಯಂತ್ರ. ಅದಕ್ಕೊಂದು ಹಗ್ಗ ಕಟ್ಟಿದರೆ ನಷ್ಟವೇನೂ ಇಲ್ಲ. ಆದರೆ ಕಚೇರಿ ಒಂದು ಕಟ್ಟಡದಲ್ಲಿ, ಗ್ರಂಥಾಲಯ ಅಂಗಳದಾಚೆ ಮತ್ತೊಂದರಲ್ಲಿ ಇದ್ದರೆ, ಬಯಲಿನಲ್ಲಿ ತಾಮ್ರದ ತಂತಿ ಎಳೆಯುವುದು ಮುಂಗಾರಿನ ಸಿಡಿಲಿಗೆ ದಾರಿ ಮಾಡಿಕೊಟ್ಟಂತೆ. ಅಂಥಲ್ಲಿ ವೈಫೈ ಯೋಗ್ಯ.

ವೈಫೈ ನಮ್ಮಲ್ಲಿ ಹೆಚ್ಚಾಗಿ ಎರಡು ಅಲೆಗಳ ಮೇಲೆ ನಡೆಯುತ್ತದೆ. 2.4 ಗಿಗಾಹರ್ಟ್ಸ್ ಅಲೆ ದೂರ ಹೋಗುತ್ತದೆ, ಗೋಡೆಯನ್ನೂ ತಕ್ಕಮಟ್ಟಿಗೆ ದಾಟುತ್ತದೆ. ಆದರೆ ಬ್ಲೂಟೂತ್, ತಂತಿಯಿಲ್ಲದ ಮೌಸ್, ನೆರೆಮನೆಯ ರೂಟರ್ ಎಲ್ಲವೂ ಅಲ್ಲೇ ನೆರೆದಿರುವುದರಿಂದ ಸಂತೆಯ ಗದ್ದಲ. 5 ಗಿಗಾಹರ್ಟ್ಸ್ ಅಲೆ ವೇಗವಾದದ್ದು, ಗದ್ದಲ ಕಡಿಮೆ. ಆದರೆ ನಮ್ಮ ದಪ್ಪ ಕಲ್ಲುಗೋಡೆ, ಮಣ್ಣುಗೋಡೆಗಳ ಮುಂದೆ ಸೋಲುತ್ತದೆ. ತಗಡಂತೂ ಎರಡನ್ನೂ ತಡೆಯುತ್ತದೆ. ಆದುದರಿಂದ ಎರಡೂ ಅಲೆಗಳನ್ನು ಹಿಡಿಯಬಲ್ಲ ಅಡಾಪ್ಟರನ್ನೇ ಕೇಳಿ ಪಡೆಯಿರಿ. ಡಬ್ಬಿಯ ಮೇಲೆ 'ಡ್ಯುಯಲ್ ಬ್ಯಾಂಡ್' ಎಂದಿರುತ್ತದೆ. 150 ಎಂದು ಬರೆದ ಅಗ್ಗದ ಗುಂಡಿಯಂಥ ಡಾಂಗಲ್ 2.4ನ್ನು ಮಾತ್ರ ಬಲ್ಲದು.

ಡಬ್ಬಿಯ ಮೇಲಿನ ದೊಡ್ಡ ಅಂಕಿಗಳಿಗೆ ಮರುಳಾಗಬೇಡಿ. ಎ.ಸಿ. 600 ಎಂದರೆ 5ರಲ್ಲಿ 433, 2.4ರಲ್ಲಿ 150 ಮೆಗಾಬಿಟ್, ಎರಡನ್ನೂ ಕೂಡಿ ಮೇಲಕ್ಕೆ ಸರಿಪಡಿಸಿ ಬರೆದದ್ದು. ಒಂದು ಕಾಲಕ್ಕೆ ಸಾಮಾನ್ಯವಾಗಿ ಒಂದರಲ್ಲೇ ನಡೆಯುವುದರಿಂದ ಈ ಕೂಡಿಕೆ ವ್ಯಾಪಾರದ ಲೆಕ್ಕ. ಮೇಲಾಗಿ ತಮ್ಮ ಸಂಪರ್ಕವೇ 50 ಮೆಗಾಬಿಟ್ಟಿನದಾದರೆ, ಅಡಾಪ್ಟರ್ ಸಾವಿರದ್ದಾದರೂ ಹೊರಗಿನಿಂದ ಬರುವುದು 50 ಮಾತ್ರ. ವೈಫೈ 7ರ ಸಾಧನಗಳಿಗೆ 2024ರಿಂದ ಪ್ರಮಾಣಪತ್ರ ಸಿಗುತ್ತಿದೆ ನಿಜ. ಅದಕ್ಕೆ ತಕ್ಕ ರೂಟರ್ ಇಲ್ಲದಿದ್ದರೆ ಆ ಬೆಲೆ ದಂಡ. ಗ್ರಂಥಾಲಯದ ಕೆಲಸಕ್ಕೆ ವೈಫೈ 5 ಸಾಕು, ಬೆಲೆಯಲ್ಲಿ ಹೆಚ್ಚು ಅಂತರವಿಲ್ಲದಿದ್ದರೆ ವೈಫೈ 6 ಒಳ್ಳೆಯದು.

ಇನ್ನು ಆಕಾರ. ಪೆಟ್ಟಿಗೆಯೊಳಗೆ ಮದರ್‌ಬೋರ್ಡಿನ ಪಿ.ಸಿ.ಐ. ಎಕ್ಸ್‌ಪ್ರೆಸ್ ಜಾಗದಲ್ಲಿ ಕೂರುವ ಕಾರ್ಡ್ ಒಂದು ಬಗೆ. ಇದು ಸ್ಥಿರ, ಯಾರೂ ಕಿತ್ತು ಜೇಬಿಗೆ ಹಾಕಿಕೊಳ್ಳಲಾರರು. ಸಾರ್ವಜನಿಕ ಸ್ಥಳದಲ್ಲಿ ಇದೂ ಒಂದು ಗುಣವೇ! ಇದರಲ್ಲಿ ಬ್ಲೂಟೂತ್ ಸಹ ಬೇಕಾದರೆ ಒಳಗಿನ ಯು.ಎಸ್.ಬಿ. ಜೋಡಣೆಗೂ ಒಂದು ತಂತಿ ಸಿಕ್ಕಿಸಬೇಕಾಗುತ್ತದೆ. ಪೆಟ್ಟಿಗೆ ಬಿಚ್ಚಲು ಅಂಜಿಕೆಯುಳ್ಳವರಿಗೆ ಯು.ಎಸ್.ಬಿ. ಡಾಂಗಲ್ ಸುಲಭ. ಕಡ್ಡಿಯಂಥ ಆಂಟೆನಾ ಇರುವುದನ್ನೇ ಆರಿಸಿರಿ.

ಕೊಂಡದ್ದು ಸರಿಯಿದ್ದರೂ ಇಡುವುದರಲ್ಲಿ ಕೆಡುತ್ತದೆ. ಡಾಂಗಲನ್ನು ಕಂಪ್ಯೂಟರಿನ ಹಿಂಬದಿಗೆ ಚುಚ್ಚಿ, ಪೆಟ್ಟಿಗೆಯನ್ನು ಮೇಜಿನಡಿ ಗೋಡೆಗೆ ತಳ್ಳಿದರೆ, ಅಲೆಗೆ ಮುಂದೆ ಕಬ್ಬಿಣ, ಹಿಂದೆ ಕಲ್ಲು. ಜೊತೆಗೆ, ಯು.ಎಸ್.ಬಿ. 3.0 ದ್ವಾರ ಕೆಲಸ ಮಾಡುವಾಗ 2.4ರ ಅಲೆಗೆ ಅಡ್ಡಿಯಾಗುವ ಸದ್ದನ್ನು ತಾನೇ ಹೊರಡಿಸುತ್ತದೆ. ಇಂಟೆಲ್ ಕಂಪನಿಯವರೇ 2012ರಲ್ಲಿ ಇದನ್ನು ಬರೆದು ತಿಳಿಸಿದ್ದಾರೆ. ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ತಂದು ಡಾಂಗಲನ್ನು ಮೇಜಿನ ಮೇಲೆ, ರೂಟರಿನ ದಿಕ್ಕಿನ ಕಿಟಕಿಯ ಬಳಿ ಇಡಿ. ಎಷ್ಟೋ ಕಡೆ ಹೊಸ ಅಡಾಪ್ಟರ್ ಮಾಡದ ಕೆಲಸವನ್ನು ಈ ಕೇಬಲ್ ಮಾಡುತ್ತದೆ.

ಕಡೆಯದಾಗಿ ಡ್ರೈವರ್, ಅಂದರೆ ಸಾಧನವನ್ನು ಕಂಪ್ಯೂಟರಿಗೆ ಪರಿಚಯಿಸುವ ತಂತ್ರಾಂಶ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಕಂಪ್ಯೂಟರುಗಳನೇಕಕ್ಕೆ ವಿಂಡೋಸ್ 11 ಹೊಂದುವುದಿಲ್ಲ. ಅವನ್ನು ಮೂಲೆಗೆ ಹಾಕುವ ಬದಲು ಲಿನಕ್ಸ್ ಹಾಕಿ ದುಡಿಸಬಹುದು. ಆದರೆ ಲಿನಕ್ಸಿಗೆ ಎಲ್ಲ ಅಡಾಪ್ಟರುಗಳೂ ಒಗ್ಗುವುದಿಲ್ಲ. ಕಂಪನಿಯ ಹೆಸರಿಗಿಂತ ಒಳಗಿನ ಚಿಪ್ ಯಾವುದೆಂದು ವಿಚಾರಿಸಿರಿ. ಉದಾಹರಣೆಗೆ ಮೀಡಿಯಾಟೆಕ್‌ನವರ ಎಂ.ಟಿ. 7921 ಎ.ಯು. ಚಿಪ್‌ಗೆ 2022ರಿಂದ ಲಿನಕ್ಸ್ ಒಳಗೇ ಡ್ರೈವರ್ ಇದೆ. ಒಂದೇ ಹೆಸರಿನ ಮಾದರಿಯಲ್ಲಿ ಆವೃತ್ತಿ ಬದಲಾದಾಗ ಚಿಪ್ಪೂ ಬದಲಾಗುವುದುಂಟು. ಡಬ್ಬಿಯ ಮೇಲಿನ ಆವೃತ್ತಿಯ ಅಂಕಿಯನ್ನೂ ನೋಡತಕ್ಕದ್ದು. ಡ್ರೈವರ್ ತರಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಡ್ರೈವರ್ ಬೇಕು ಎಂಬ ಪೇಚಿಗೆ ಸಿಕ್ಕಿದರೆ, ಮೊಬೈಲನ್ನು ಯು.ಎಸ್.ಬಿ. ತಂತಿಯಿಂದ ಜೋಡಿಸಿ ಟೆದರಿಂಗ್ ಮಾಡಿಕೊಳ್ಳಿರಿ.

ಹಿಂದಿರುಗಿಸುವ ಅವಕಾಶವಿರುವ ಅಂಗಡಿಯಲ್ಲಿ ಕೊಂಡು, ರಸೀತಿ ಜೋಪಾನವಾಗಿಟ್ಟು, ಅದೇ ವಾರ ಗ್ರಂಥಾಲಯದ ಜಾಗದಲ್ಲೇ ಪರೀಕ್ಷಿಸಿರಿ. ಎರಡು ಬಗೆಯ ಅಡಾಪ್ಟರುಗಳನ್ನೂ ಒಂದು ಎಕ್ಸ್‌ಟೆನ್ಷನ್ ಕೇಬಲನ್ನೂ ತಂದು ಈ ಮೇಜಿನ ಮೇಲೆ ಇಟ್ಟಿದ್ದೇನೆ. ತಾವು ಕೈಯಲ್ಲಿ ಹಿಡಿದು ನೋಡಿ, ಕೇಳುವುದಿದ್ದರೆ ಕೇಳಬಹುದು.