ಕವಿ ಗೆದ್ದ, ಮುಖ್ಯಮಂತ್ರಿ ಸೋತ: ಮೆರ್ಸಿಯೆ ಕ್ಷೇತ್ರದ ಪಾಠ

(ರಾಜ್ಯೋತ್ಸವದ ಯುವಕರ ಸಭೆಯಲ್ಲಿ ಆಡಿದ ಮಾತು. ಸಭೆಗೆ ಬರಲಾಗದ ಓದುಗರಿಗಾಗಿ ಬರೆದುಕೊಟ್ಟಿದ್ದೇನೆ.)



ನಾನು ಭಾಷಣಕಾರನಲ್ಲ. ಪಿಯುಸಿಗೆ ಓದು ನಿಲ್ಲಿಸಿ ಪ್ರೆಸ್ಸಿಗೆ ಬಂದವನು. ಬೇರೆಯವರ ಮಾತಿಗೆ ಅಚ್ಚು ಹಾಕಿಕೊಡುವುದು ನನ್ನ ಕಸುಬು. ಆದರೆ ಇವತ್ತು ನನ್ನದೇ ಮಾತನ್ನು ನಿಮ್ಮ ಮುಂದೆ ಇಡಬೇಕಾಗಿದೆ. ಕಾರಣ ಹೇಳುತ್ತೇನೆ, ಕೇಳಿ.

2023ರ ವಿಧಾನಸಭಾ ಚುನಾವಣೆಯ ಸಮಯ. ಬೆಂಗಳೂರಿನ ಅಭ್ಯರ್ಥಿಯೊಬ್ಬರ ಕಡೆಯವನು ಕರಪತ್ರ ಮಾಡಿಸಲು ಬಂದ. ಎರಡು ಭಾಷೆಯಲ್ಲಿ ಬೇಕೆಂದ. ಆ ಎರಡರಲ್ಲಿ ಒಂದೂ ಕನ್ನಡವಲ್ಲ!

"ಕನ್ನಡದಲ್ಲಿ ಬೇಡವೇನಪ್ಪಾ?" ಎಂದೆ.

ಆತ ನಕ್ಕ. "ಸಾರ್, ಕನ್ನಡದ ಹುಡುಗ್ರು ನವೆಂಬರ್‌ನಲ್ಲಿ ಬಾವುಟ ಹಿಡೀತಾರೆ. ಮೇ ತಿಂಗಳಲ್ಲಿ ವೋಟ್ ಹಾಕಕ್ಕೆ ಬರಲ್ಲ. ಅವರಿಗ್ಯಾಕೆ ಸುಮ್ನೆ ಪೇಪರ್ ದಂಡ?"

ನಾನು ಅಚ್ಚು ಹಾಕಿಕೊಟ್ಟೆ. ಹೊಟ್ಟೆಪಾಡು! ಚುನಾವಣಾ ಕಾನೂನಿನ ಪ್ರಕಾರ ಕರಪತ್ರದ ಮೇಲೆ ಮುದ್ರಕನ ಹೆಸರು, ವಿಳಾಸ ಇರಲೇಬೇಕು. ಒಂದಕ್ಷರ ಕನ್ನಡವಿಲ್ಲದ ಆ ಕಾಗದದ ಅಡಿಯಲ್ಲಿ ನನ್ನ ಹೆಸರು ಕೂತಿತ್ತು. ಅವತ್ತಿನ ನಾಚಿಕೆ ಇವತ್ತಿಗೂ ಹೋಗಿಲ್ಲ. ಆದರೆ ಆ ಮನುಷ್ಯ ಹೇಳಿದ್ದು ಸುಳ್ಳೇ? ಆ ಚುನಾವಣೆಯಲ್ಲಿ ಇಡೀ ರಾಜ್ಯದಲ್ಲಿ ನೂರಕ್ಕೆ 73 ಜನ ಮತ ಹಾಕಿದರೆ, ರಾಜಧಾನಿ ಬೆಂಗಳೂರಿನಲ್ಲಿ ಹಾಕಿದವರು 55ರ ಆಸುಪಾಸು!

ಭಾಷೆಯ ಅಭಿಮಾನ ಮತಪೆಟ್ಟಿಗೆಯ ತನಕ ನಡೆದು ಹೋದರೆ ಏನಾಗುತ್ತದೆ ಎಂಬುದಕ್ಕೆ ಒಂದು ಕ್ಷೇತ್ರದ ಕಥೆ ಹೇಳುತ್ತೇನೆ. ಅದು ನಮ್ಮ ನಾಡಿನದಲ್ಲ, ಕೆನಡಾ ದೇಶದ್ದು. ಕ್ವಿಬೆಕ್ ಪ್ರಾಂತ್ಯದ ಮಾಂಟ್ರಿಯಲ್ ನಗರದಲ್ಲಿರುವ ಮೆರ್ಸಿಯೆ ಎಂಬ ವಿಧಾನಸಭಾ ಕ್ಷೇತ್ರ.

ಸ್ವಂತ ಮನೆಯಲ್ಲೇ ಬಾಡಿಗೆದಾರರು

ಕ್ವಿಬೆಕ್‌ನಲ್ಲಿ ನೂರಕ್ಕೆ ಸುಮಾರು 80 ಜನರ ಮಾತು ಫ್ರೆಂಚ್. ಆದರೂ ಐವತ್ತು, ಅರವತ್ತರ ದಶಕದಲ್ಲಿ ಮಾಂಟ್ರಿಯಲ್‌ನ ದೊಡ್ಡ ಅಂಗಡಿ, ಬ್ಯಾಂಕು, ಕಾರ್ಖಾನೆಗಳ ಮೇಲ್ಪಂಕ್ತಿಯೆಲ್ಲ ಇಂಗ್ಲಿಷ್ ಮಯ. ಯಜಮಾನನ ಭಾಷೆ ಇಂಗ್ಲಿಷ್, ಕೂಲಿಯವನ ಭಾಷೆ ಫ್ರೆಂಚ್. ಕೆನಡಾ ಸರ್ಕಾರವೇ ನೇಮಿಸಿದ ಆಯೋಗ 1961ರ ಜನಗಣತಿಯ ಲೆಕ್ಕ ತೆಗೆದು ನೋಡಿತು. ಕ್ವಿಬೆಕ್‌ನ 14 ಜನಸಮುದಾಯಗಳಲ್ಲಿ ಆದಾಯದ ಮಟ್ಟಿಗೆ ಫ್ರೆಂಚರ ಸ್ಥಾನ 12ನೆಯದು! ಹೊರದೇಶಗಳಿಂದ ವಲಸೆ ಬಂದವರೂ ತಮ್ಮ ಮಕ್ಕಳನ್ನು ಸೇರಿಸುತ್ತಿದ್ದದ್ದು ಹೆಚ್ಚಾಗಿ ಇಂಗ್ಲಿಷ್ ಶಾಲೆಗೆ. ಅನ್ನ ಇದ್ದದ್ದು ಆ ಭಾಷೆಯಲ್ಲಿ.

ಈ ಕಥೆಯನ್ನು ನಾವೆಲ್ಲೋ ಕೇಳಿದ್ದೇವೆ ಅನ್ನಿಸುತ್ತದೆಯಲ್ಲವೇ?

ಮೆರ್ಸಿಯೆ ಕ್ಷೇತ್ರ ಇರುವುದು ಮಾಂಟ್ರಿಯಲ್‌ನ ಪ್ಲಾಟೋ ಎಂಬ ಹಳೆಯ ಬಡಾವಣೆಯಲ್ಲಿ. ಆಗ ಅದು ದುಡಿಯುವ ಫ್ರೆಂಚರ ಕೇರಿ. ಜೊತೆಗೆ ಗ್ರೀಸ್, ಪೋರ್ಚುಗಲ್‌ನಿಂದ ಬಂದ ಬಡ ಕುಟುಂಬಗಳು. 1966ರ ಚುನಾವಣೆಯಲ್ಲಿ ಇಲ್ಲಿ ಗೆದ್ದವರು ಲಿಬರಲ್ ಪಕ್ಷದ ರಾಬರ್ಟ್ ಬುರಾಸಾ ಎಂಬ ಯುವ ಅರ್ಥಶಾಸ್ತ್ರಜ್ಞ. 1970ರಲ್ಲಿ ಮತ್ತೆ ಗೆದ್ದು, ಇನ್ನೂ 36ರ ಪ್ರಾಯದಲ್ಲಿ ಪ್ರಾಂತ್ಯದ ಮುಖ್ಯಮಂತ್ರಿಯಾದರು. 1973ರಲ್ಲಂತೂ ಅವರ ಪಕ್ಷಕ್ಕೆ 110ರಲ್ಲಿ 102 ಸ್ಥಾನ! ಫ್ರೆಂಚ್ ಭಾಷೆಗಾಗಿ, ಕ್ವಿಬೆಕ್‌ನ ಸ್ವಾತಂತ್ರ್ಯಕ್ಕಾಗಿ ಹುಟ್ಟಿದ ಪಾರ್ತಿ ಕೆಬೆಕ್ವಾ ಪಕ್ಷಕ್ಕೆ ನೂರಕ್ಕೆ 30 ಮತ ಬಿದ್ದರೂ ಸಿಕ್ಕಿದ್ದು ಬರೀ 6 ಸ್ಥಾನ. ಆ ಪಕ್ಷದ ಕಥೆ ಮುಗಿಯಿತು ಎಂದವರು ಬಹಳ ಮಂದಿ.

ಜೈಲಿಗೆ ಹೋದ ಕವಿ

ಇದಕ್ಕೂ ಮೊದಲು, 1970ರ ಅಕ್ಟೋಬರ್‌ನಲ್ಲಿ, ಒಂದು ಘೋರ ನಡೆದಿತ್ತು. ಬಂದೂಕು ನಂಬಿದ ಒಂದು ಗುಂಪು ಬ್ರಿಟಿಷ್ ಅಧಿಕಾರಿಯನ್ನೂ ಕ್ವಿಬೆಕ್‌ನ ಒಬ್ಬ ಮಂತ್ರಿಯನ್ನೂ ಅಪಹರಿಸಿತು. ಮಂತ್ರಿ ಪಿಯರ್ ಲಪೋರ್ಟ್ ಹೆಣವಾದರು. ಬುರಾಸಾ ಸರ್ಕಾರ ಕೇಂದ್ರದ ಮೊರೆ ಹೋಯಿತು, ಪ್ರಧಾನಿ ಪಿಯರ್ ಟ್ರುಡೋ ಯುದ್ಧಕಾಲದ ಕಾನೂನು ಹೇರಿದರು. ವಾರಂಟ್ ಇಲ್ಲದೆ ಸುಮಾರು ಐನೂರು ಜನರನ್ನು ಒಳಗೆ ಹಾಕಿದರು. ಲೇಖಕರು, ಹಾಡುಗಾರರು, ಸಂಘದವರು! ಬಹುಪಾಲು ಜನರ ಮೇಲೆ ಕೊನೆಗೆ ಯಾವ ಕೇಸೂ ನಿಲ್ಲಲಿಲ್ಲ.

ಹಾಗೆ ಜೈಲು ಸೇರಿದವರಲ್ಲಿ ಜೆರಾಲ್ಡ್ ಗೊದೆಂ ಒಬ್ಬರು. ಕವಿ, ಪತ್ರಕರ್ತ, ಪುಸ್ತಕ ಪ್ರಕಾಶಕ. ಬೀದಿಯ ಜನ ಆಡುವ ಫ್ರೆಂಚನ್ನು ಕವಿತೆಗೆ ತಂದವರು. ಅವರ ಸಂಗಾತಿ, ಹೆಸರಾಂತ ಗಾಯಕಿ ಪೊಲೀನ್ ಜುಲಿಯೆನ್ ಕೂಡ ಬಂಧನಕ್ಕೊಳಗಾದರು.

ಹೊರಗೆ ಬಂದ ಗೊದೆಂ ಕಲ್ಲು ಹೊಡೆಯಲಿಲ್ಲ, ಬಸ್ಸು ಸುಡಲಿಲ್ಲ. 1976ರ ಚುನಾವಣೆಯಲ್ಲಿ ಪಾರ್ತಿ ಕೆಬೆಕ್ವಾ ಪಕ್ಷದಿಂದ ನಾಮಪತ್ರ ಹಾಕಿದರು. ಎಲ್ಲಿ? ಮೆರ್ಸಿಯೆಯಲ್ಲಿ! ಯಾರ ಎದುರು? ಸಾಕ್ಷಾತ್ ಮುಖ್ಯಮಂತ್ರಿ ಬುರಾಸಾ ಎದುರು!

1976ರ ನವೆಂಬರ್ 15

ಬುರಾಸಾ ಭಾಷೆಗೆ ಏನೂ ಮಾಡಲಿಲ್ಲವೆಂದಲ್ಲ. 1974ರಲ್ಲಿ ಫ್ರೆಂಚನ್ನು ಅಧಿಕೃತ ಭಾಷೆ ಮಾಡಿದ್ದೇ ಅವರು. ಆದರೆ ಆ ಕಾನೂನಿನ ತುಂಬ ಕಿಂಡಿಗಳು. ಫ್ರೆಂಚರಿಗೆ ಅದು ಸಾಲಲಿಲ್ಲ, ಇಂಗ್ಲಿಷರಿಗೆ ಅದು ಅತಿಯಾಯಿತು. ಅತ್ತ ದರಿ, ಇತ್ತ ಪುಲಿ! ಭ್ರಷ್ಟಾಚಾರದ ಆರೋಪ, ಕಾರ್ಮಿಕರ ಮುಷ್ಕರ, ಒಲಿಂಪಿಕ್ಸ್ ಸಾಲ ಇವೂ ಸೇರಿಕೊಂಡವು.

ಆ ದಿನ ನೂರಕ್ಕೆ 85 ಜನ ಮತ ಹಾಕಿದರು. ಗೆಳೆಯರೇ, ಈ ಅಂಕಿಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ನೂರಕ್ಕೆ 85! ಪಾರ್ತಿ ಕೆಬೆಕ್ವಾ 6ರಿಂದ 71 ಸ್ಥಾನಕ್ಕೆ ಏರಿತು. ಮೆರ್ಸಿಯೆಯಲ್ಲಿ ಕವಿ ಗೆದ್ದ, ಮುಖ್ಯಮಂತ್ರಿ ಸೋತ. ತನ್ನನ್ನು ಜೈಲಿಗೆ ತಳ್ಳಿದ ಸರ್ಕಾರದ ಮುಖ್ಯಸ್ಥನನ್ನು ಆರೇ ವರ್ಷದಲ್ಲಿ ಆತನ ಕ್ಷೇತ್ರದಲ್ಲೇ ಒಬ್ಬ ಕವಿ ಮಣಿಸಿದ. ಆಯುಧ ಏನು? ಒಂದು ಕಾಗದದ ಚೂರು. ಮತಪತ್ರ!

ಹೊಸ ಮುಖ್ಯಮಂತ್ರಿ ರೆನೆ ಲೆವೆಕ್ ಸುಮ್ಮನೆ ಕೂರಲಿಲ್ಲ. ಒಂದೇ ವರ್ಷದೊಳಗೆ, 1977ರ ಆಗಸ್ಟ್‌ನಲ್ಲಿ, 101ನೇ ಮಸೂದೆ ಕಾನೂನಾಯಿತು. ಕೆಲಸದ ಜಾಗದಲ್ಲಿ ಫ್ರೆಂಚ್, ವ್ಯಾಪಾರದಲ್ಲಿ ಫ್ರೆಂಚ್, ಅಂಗಡಿ ಬೋರ್ಡಿನಲ್ಲಿ ಫ್ರೆಂಚ್. ವಲಸೆ ಬಂದವರ ಮಕ್ಕಳಿಗೆ ಸರ್ಕಾರಿ ಖರ್ಚಿನ ಶಾಲೆ ಎಂದರೆ ಫ್ರೆಂಚ್ ಶಾಲೆ. ಆ ಭಾಷೆ ಅನ್ನದ ಭಾಷೆಯಾದದ್ದು ಹೀಗೆ. ಸನ್ಮಾನ, ಶಾಲು, ಮೈಸೂರು ಪೇಟದಿಂದಲ್ಲ!

ಮತದಾರರ ಎಚ್ಚರ

ಗೊದೆಂ ಮೆರ್ಸಿಯೆಯಲ್ಲಿ 1981ರಲ್ಲಿ ಗೆದ್ದರು. 1985ರಲ್ಲಿ ಅವರ ಪಕ್ಷ ಅಧಿಕಾರ ಕಳೆದುಕೊಂಡಿತು, ಮೆದುಳಿನ ಗಡ್ಡೆಯ ಕಾಯಿಲೆ ಬೇರೆ, ಆದರೂ ಗೆದ್ದರು. 1989ರಲ್ಲೂ ಗೆದ್ದರು. ಮಂತ್ರಿಯಾಗಿ ಅವರಿಗೆ ಸಿಕ್ಕ ಖಾತೆ ಯಾವುದು ಗೊತ್ತೇ? ವಲಸೆ ಬಂದವರ ಖಾತೆ! ಭಾಷೆಗಾಗಿ ಜೈಲು ಕಂಡ ಮನುಷ್ಯ ವಲಸಿಗರ ಹೆಗಲ ಮೇಲೆ ಕೈ ಹಾಕಿದ. ಮುಂಜಾನೆ ಮೆಟ್ರೋ ಹತ್ತಿ ದುಡಿಯಲು ಹೋಗುವ ಪರದೇಶಿಗಳನ್ನು ಕುರಿತು ಅವರು ಬರೆದ ಕವಿತೆ ಇವತ್ತಿಗೂ ಅದೇ ಬಡಾವಣೆಯ ಮೆಟ್ರೋ ನಿಲ್ದಾಣದ ಎದುರಿನ ಗೋಡೆಯ ಮೇಲಿದೆ. 1994ರಲ್ಲಿ ಗೊದೆಂ ತೀರಿಕೊಂಡರು.

ಇತ್ತ ಬುರಾಸಾ 1985ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು. 1988ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ಬೋರ್ಡಿನಲ್ಲಿ ಫ್ರೆಂಚ್ ಮಾತ್ರ ಇರಬೇಕೆಂಬ ನಿಯಮವನ್ನು ಹೊಡೆದು ಹಾಕಿತು. ಆಗ ಅಲ್ಲಿನ ಸಂವಿಧಾನದ ವಿಶೇಷ ಅಧಿಕಾರ ಬಳಸಿ, ಹೊರಗಿನ ಬೋರ್ಡುಗಳಲ್ಲಿ ಫ್ರೆಂಚನ್ನೇ ಉಳಿಸಿದ್ದು ಯಾರು? ಇದೇ ಬುರಾಸಾ! 1993ರಲ್ಲಿ ಅದನ್ನು ಸಡಿಲಿಸಿ, ಬೇರೆ ಭಾಷೆ ಇದ್ದರೂ ಫ್ರೆಂಚೇ ಎದ್ದು ಕಾಣಬೇಕು ಎಂದರು. ಮೆರ್ಸಿಯೆಯ ಪೆಟ್ಟನ್ನು ಅವರು ಮರೆತಿರಲಿಲ್ಲ ಎಂದೇ ನನ್ನ ನಂಬಿಕೆ. ರಾಜಕಾರಣಿಗೆ ಪಾಠ ಕಲಿಸುವ ಶಾಲೆ ಒಂದೇ, ಅದು ಮತಗಟ್ಟೆ.

ಹಾಗೆಂದು ಮೆರ್ಸಿಯೆಯ ಜನ ಯಾವ ಪಕ್ಷಕ್ಕೂ ಜೀತಕ್ಕೆ ಬೀಳಲಿಲ್ಲ. 2001ರ ಉಪಚುನಾವಣೆಯ ವೇಳೆ ಪಾರ್ತಿ ಕೆಬೆಕ್ವಾದಲ್ಲಿ ಅಭ್ಯರ್ಥಿ ಆಯ್ಕೆಯ ಜಗಳ ಎದ್ದಿತು. ಎಡಪಂಥೀಯರ ಒಬ್ಬ ಪಕ್ಷೇತರ ಸುಮಾರು ಕಾಲು ಭಾಗ ಮತ ಎಳೆದುಕೊಂಡರು. 25 ವರ್ಷ ಕೈಯಲ್ಲಿದ್ದ ಕ್ಷೇತ್ರ ಹೋಗಿ ಲಿಬರಲ್ ಪಾಲಾಯಿತು! 2003ರಲ್ಲಿ ಪಕ್ಷ ಅದನ್ನು ಮರಳಿ ಪಡೆದರೂ, 2008ರಲ್ಲಿ ಕೆಬೆಕ್ ಸೊಲಿಡೇರ್ ಎಂಬ ಹೊಸ ಪಕ್ಷ ಕಿತ್ತುಕೊಂಡಿತು. ಗೆದ್ದವರು ಅಮೀರ್ ಖದೀರ್. ಇರಾನಿನಲ್ಲಿ ಹುಟ್ಟಿದ ವೈದ್ಯರು. 2003ರಲ್ಲಿ ಸೋತು, 2007ರಲ್ಲಿ ಸೋತು, ಮೂರನೇ ಸಲ ಗೆದ್ದವರು.

2018ರಲ್ಲಿ, ಮತ್ತೆ 2022ರಲ್ಲಿ ಅದೇ ಪಕ್ಷದಿಂದ ಅಲ್ಲಿ ಗೆದ್ದವರು ರುಬಾ ಗಜಾಲ್. ಪ್ಯಾಲೆಸ್ಟೀನ್ ಮೂಲದ ಮನೆತನ, ಹುಟ್ಟಿದ್ದು ಲೆಬನಾನ್‌ನಲ್ಲಿ. ಹತ್ತು ವರ್ಷದ ಹುಡುಗಿಯಾಗಿ ಕ್ವಿಬೆಕ್‌ಗೆ ಬಂದಾಗ ಫ್ರೆಂಚ್ ಬರುತ್ತಿರಲಿಲ್ಲ. 101ನೇ ಕಾನೂನಿನಿಂದಾಗಿ ಫ್ರೆಂಚ್ ಶಾಲೆಗೆ ಸೇರಿದರು. ಇವತ್ತು ತಾನು ಆ ಕಾನೂನಿನ ಮಗಳು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನೋಡಿ! ಕವಿಯನ್ನು ಗೆಲ್ಲಿಸಿದ ಕ್ಷೇತ್ರ, ಆ ಗೆಲುವಿನಿಂದ ಬಂದ ಕಾನೂನು, ಆ ಕಾನೂನು ಬೆಳೆಸಿದ ಮಗು, ಅದೇ ಕ್ಷೇತ್ರದ ಶಾಸಕಿ! ಹೊರಗಿನಿಂದ ಬಂದವರನ್ನು ಓಡಿಸಿ ಫ್ರೆಂಚ್ ಉಳಿಯಲಿಲ್ಲ, ಅವರಿಗೆ ಕಲಿಸಿ ಉಳಿಯಿತು.

ನಮ್ಮ ಲೆಕ್ಕ

ಇದು ನಮ್ಮಲ್ಲಿ ಆಗದ ಮಾತು ಎನ್ನಬೇಡಿ. ಆಗಿದೆ! ಗೋಕಾಕ್ ಚಳವಳಿ 1982ರಲ್ಲಿ ಉಕ್ಕಿತು, ಡಾ. ರಾಜ್‌ಕುಮಾರ್ ಬೀದಿಗಿಳಿದರು. 1983ರ ಜನವರಿಯ ಚುನಾವಣೆಯಲ್ಲಿ ಕಾಂಗ್ರೆಸ್ ಈ ರಾಜ್ಯದಲ್ಲಿ ಮೊದಲ ಸಲ ಅಧಿಕಾರ ಕಳೆದುಕೊಂಡಿತು. ಮುಖ್ಯಮಂತ್ರಿ ಗುಂಡೂರಾವ್ ತಮ್ಮ ಸೋಮವಾರಪೇಟೆಯಲ್ಲೇ ಸೋತರು. ಕಾರಣ ಭಾಷೆಯೊಂದೇ ಅಲ್ಲ, ರೈತರ ಸಿಟ್ಟೂ ಇತ್ತು. ಆದರೆ ಕನ್ನಡಿಗರ ಸಿಟ್ಟು ಮತಗಟ್ಟೆಗೆ ನಡೆದು ಹೋದದ್ದು ಸುಳ್ಳಲ್ಲ.

ಆಮೇಲೆ ನಾವೇನು ಮಾಡಿದೆವು? ಮನೆಗೆ ಹೋಗಿ ಮಲಗಿದೆವು! ಮಾತೃಭಾಷೆಯ ಶಿಕ್ಷಣವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಬೋರ್ಡಿನಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದಿದರು. ಬೋರ್ಡು ಬದಲಾದರೆ ಸಾಕೇ? ಬೋರ್ಡಿನ ಕೆಳಗೆ ಕೂತು ದುಡಿಯುವ ಕನ್ನಡದ ಹುಡುಗನಿಗೆ ಕೆಲಸ ಬೇಡವೇ? ಇದನ್ನು ಕೇಳಬೇಕಾದ ಜಾಗ ವಿಧಾನಸೌಧ. ಅಲ್ಲಿಗೆ ಕಳಿಸುವವರು ನಾವು.

ಒಂದು ಎಚ್ಚರಿಕೆ. ನಮ್ಮ ಪ್ರಜಾ ಪ್ರಾತಿನಿಧ್ಯ ಕಾಯ್ದೆಯಲ್ಲಿ, "ಈತ ನಮ್ಮ ಭಾಷೆಯವನು, ಇವನಿಗೇ ಮತ ಕೊಡಿ" ಎಂದು ಅಭ್ಯರ್ಥಿಯಾಗಲಿ ಅವನ ಏಜೆಂಟಾಗಲಿ ಮತ ಯಾಚಿಸುವುದು ತಪ್ಪು. ಆದರೆ ಭಾಷೆಯನ್ನು ಉಳಿಸಿಕೊಳ್ಳಲು ರಾಜಕೀಯ ಹೋರಾಟ ಮಾಡುವುದು ತಪ್ಪಲ್ಲ. ಜಗದೇವ್ ಸಿಂಗ್ ಸಿದ್ಧಾಂತಿ ಪ್ರಕರಣದಲ್ಲಿ 1964ರಲ್ಲೇ ಸುಪ್ರೀಂ ಕೋರ್ಟು ಇದನ್ನು ಹೇಳಿದೆ. ಆದ್ದರಿಂದ ಅಭ್ಯರ್ಥಿಯ ಜಾತಿ, ಮನೆಮಾತು ಕೇಳಬೇಡಿ. ನಮ್ಮ ವಾರ್ಡಿನ ಕನ್ನಡ ಶಾಲೆಗೆ ಏನು ಮಾಡುತ್ತೀರಿ, ಕನ್ನಡ ಕಲಿಯಲು ಸಿದ್ಧರಿರುವ ಹೊರಗಿನವರಿಗೆ ತರಗತಿ ಎಲ್ಲಿ ನಡೆಸುತ್ತೀರಿ, ಸ್ಥಳೀಯರ ಉದ್ಯೋಗಕ್ಕೆ ಸದನದಲ್ಲಿ ಯಾವತ್ತು ಬಾಯಿ ಬಿಟ್ಟಿದ್ದೀರಿ ಎಂದು ಕೇಳಿ. ಉತ್ತರವನ್ನು ಬರೆದಿಟ್ಟುಕೊಳ್ಳಿ. ಐದು ವರ್ಷದ ನಂತರ ತೆಗೆದು ತೋರಿಸಿ. ಕನ್ನಡದ ಹೆಸರು ಹೇಳಿಕೊಂಡು ಗೆದ್ದವನಿಗೂ ಇದೇ ತಕ್ಕಡಿ ಇರಲಿ. ಮೆರ್ಸಿಯೆಯವರು 2001ರಲ್ಲಿ ತೂಗಿದ ಹಾಗೆ ತೂಗಿ.

ಇದಕ್ಕೆಲ್ಲ ಮೊದಲು ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ 6ನೇ ನಮೂನೆ ತುಂಬಿ ಕೊಡಿ. ಹದಿನೆಂಟು ತುಂಬಿದವರು ಈಗ ಜನವರಿ ತನಕ ಕಾಯಬೇಕಿಲ್ಲ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ. ಬಾಡಿಗೆ ಮನೆ ಬದಲಾಯಿಸಿದವರು ವಿಳಾಸ ತಿದ್ದಿಸಿಕೊಳ್ಳಿ. ಪಕ್ಕದ ಮನೆಗೆ ಹೊಸದಾಗಿ ಬಂದವರಿಗೆ ನಾಲ್ಕು ಮಾತು ಕನ್ನಡ ಕಲಿಸಿ.

ಮುಂದಿನ ಚುನಾವಣೆಗೆ ಆ ಮನುಷ್ಯ ಮತ್ತೆ ನನ್ನ ಪ್ರೆಸ್ಸಿಗೆ ಬರುತ್ತಾನೆ. ಬಂದು, "ಸಾರ್, ಮೊದ್ಲು ಕನ್ನಡದಲ್ಲಿ ಹಾಕಿ, ಕನ್ನಡದ ಹುಡುಗ್ರು ಈ ಸಲ ಬಿಡಲ್ಲ" ಎನ್ನಬೇಕು. ಅವನ ಬಾಯಲ್ಲಿ ಆ ಮಾತು ಬರಿಸುವುದು ನನ್ನ ಕೈಯಲ್ಲಿಲ್ಲ. ನಿಮ್ಮ ಬೆರಳಿನಲ್ಲಿದೆ.

ಸಿರಿಗನ್ನಡಂ ಗೆಲ್ಗೆ!